ಅಪ್‌ಡೇಟ್: ಗಾಲ್ಫ್‌ನಲ್ಲಿ ಮಗಳ ಡ್ರೈವರ್ ಹೊಡೆತ ಬಲಕ್ಕೆ ಬಾಗುತ್ತಿದ್ದ ವಿಚಾರ

ಪಿಲಿಕುಳದ ಮೈದಾನದಲ್ಲಿ ಗಾಲ್ಫ್ ಕಲಿಯುತ್ತಿರುವ ನನ್ನ ಮಗಳು ಡ್ರೈವರ್‌ನಿಂದ (ಚೆಂಡನ್ನು ಬಹುದೂರ ಹೊಡೆಯುವ ಉದ್ದನೆಯ ಕೋಲು) ಹೊಡೆದ ಚೆಂಡು ನೇರವಾಗಿ ಹೊರಟರೂ ಕೊನೆಗೆ ಬಲಕ್ಕೆ ಬಾಗುತ್ತದೆ, ಇದನ್ನು ತಿದ್ದುವುದು ಹೇಗೆ ಎಂದು ಮಳೆಗಾಲಕ್ಕೆ ಮುನ್ನ ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು.

ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುವುದು ತಾಗುವ ಕ್ಷಣದಲ್ಲಿ ಕ್ಲಬ್‌ನ, ಅಂದರೆ ಹೊಡೆಯುವ ಕೋಲಿನ, ಮುಖ ಇರುವ ದಿಕ್ಕು. ಬಲಗೈ ಆಟಗಾರರಲ್ಲಿ ಬೀಸಿನ ದಾರಿ ಆ ದಿಕ್ಕಿಗಿಂತ ಎಡಕ್ಕೆ ಸಾಗಿದಾಗ ಚೆಂಡು ಬಲಕ್ಕೆ ಬಾಗುತ್ತದೆ ಎಂಬ ವಿವರಣೆ ನಮಗೆ ಅತ್ಯಂತ ಉಪಯುಕ್ತವಾಯಿತು. ತರಬೇತುದಾರರು ಮೊದಲು ಅವಳ ಎಡಗೈಯ ಹಿಡಿತವನ್ನು ತುಸು ಬಲಕ್ಕೆ ಹೊರಳಿಸಿದರು. ಬಳಿಕ ಚೆಂಡಿನ ಹೊರಮಗ್ಗುಲಲ್ಲಿ, ಸ್ವಲ್ಪ ಹಿಂದಕ್ಕೆ, ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಇಟ್ಟು, ಅದಕ್ಕೆ ತಾಗದಂತೆ ಒಳಗಿನಿಂದ ಬೀಸುವುದನ್ನು ರೂಢಿ ಮಾಡಿಸಿದರು.

ಮಳೆ ಬಿಡದ ದಿನಗಳಲ್ಲಿ ಜಗಲಿಯ ಜಮಖಾನದ ಮೇಲೆ, ಚೆಂಡು ಬೀಳಬೇಕಾದ ಗುಳಿಯ ನಿಯಮಬದ್ಧ ವ್ಯಾಸವಾದ 108 ಮಿಲಿಮೀಟರ್ ಅಳತೆಯ ವೃತ್ತವನ್ನು ಸೀಮೆಸುಣ್ಣದಲ್ಲಿ ಬರೆದು ಪಟಿಂಗ್ (ಚೆಂಡನ್ನು ನೆಲದ ಮೇಲೆ ಉರುಳಿಸಿ ಗುಳಿಗೆ ಸೇರಿಸುವ ಹೊಡೆತ) ಅಭ್ಯಾಸ ಮಾಡಿದಳು. ಕಲಿಯುವ ಮಕ್ಕಳಿಗೆ ಇದನ್ನು ಇನ್ನೂ ಹೆಚ್ಚು ಮಾಡಿಸಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ, ಏಕೆಂದರೆ ಪಾರ್ 72ರ (18 ಗುಳಿಗಳ ಆಟಕ್ಕೆ ನಿಗದಿಯಾದ 72 ಹೊಡೆತಗಳ) ಲೆಕ್ಕದಲ್ಲಿ ಗುಳಿಗೆ ಎರಡರಂತೆ 36 ಹೊಡೆತಗಳು ಪಟಿಂಗ್‌ಗೇ ಸಲ್ಲುತ್ತವೆ.

ಏಳನೇ ಐರನ್‌ನಲ್ಲಿ (ಡ್ರೈವರ್‌ಗಿಂತ ಗಿಡ್ಡದಾದ, ಮುಖ ಹೆಚ್ಚು ಓರೆಯಾದ ಕ್ಲಬ್) ಬಾಗು ಬಹುತೇಕ ಹೋಗಿದೆ, ಡ್ರೈವರ್‌ನಲ್ಲಿ ಪೂರ್ತಿ ಹೋಗಿಲ್ಲ. ಮುಖದ ಓರೆ ಕಡಿಮೆಯಿರುವ ಕ್ಲಬ್‌ಗಳಲ್ಲಿ ಬಾಗು ಹೆಚ್ಚಾಗಿ ಕಾಣುವುದು ಸಹಜವಾದ್ದರಿಂದ, ತರಬೇತುದಾರರ ಸಲಹೆಯಂತೆ ಸದ್ಯ ಐರನ್‌ಗಳಲ್ಲೇ ಅಭ್ಯಾಸ ಮುಂದುವರಿಸಿದ್ದೇವೆ.