ಸಹಾಯ ಬೇಕು: ಮ್ಯಾಂಚೆಸ್ಟರ್‌ನಲ್ಲಿ ಇರುವ ಕನ್ನಡಿಗರು ಯಾರಾದರೂ ಇದ್ದೀರಾ?

ನಮಸ್ಕಾರ ಎಲ್ಲರಿಗೂ. ಇಂಗ್ಲಿಷ್ ಚಿತ್ರಕಾರ ಫೋರ್ಡ್ ಮ್ಯಾಡಾಕ್ಸ್ ಬ್ರೌನ್ ಬರೆದ 'ವರ್ಕ್' ಚಿತ್ರದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. 1852ರಲ್ಲಿ ಶುರು ಮಾಡಿ 1865ರಲ್ಲಿ ಮುಗಿಸಿದ್ದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ರಸ್ತೆ ಅಗೆಯುತ್ತಿರುವ ದೃಶ್ಯ. ಎಲ್ಲರೂ ನಡುವಿನ ಗುದ್ದಲಿಯವರನ್ನೇ ನೋಡುತ್ತಾರೆ. ನನಗೆ ಬೇಕಾಗಿರೋದು ಬಲಗಡೆ ಮರದ ಕೆಳಗಿನ ಐರಿಷ್ ಗಂಡ ಹೆಂಡತಿ. ಹುಲ್ಲು ಕೊಯ್ಯುವ ಕೆಲಸ ಹುಡುಕಿಕೊಂಡು ಬಂದವರು, ಗಂಡನ ಕಾಲಲ್ಲಿ ಚಪ್ಪಲಿ ಇಲ್ಲ, ಮಗುವಿಗೆ ತಣ್ಣನೆ ಗಂಜಿ ತಿನ್ನಿಸುತ್ತಿದ್ದಾರೆ. ಇವರಿಗೆ ಮಾಡೆಲ್ ಆಗಲು ಬ್ರೌನ್ ಲಂಡನ್ನಿನ ಬಡ ಐರಿಷ್ ಜನರನ್ನೇ ಹುಡುಕಿಕೊಂಡು ಹೋಗಿದ್ದ. ಅದೇ ಚಿತ್ರದಲ್ಲಿ ಸುಮ್ಮನೆ ನಿಂತು ನೋಡುವ ಲೇಖಕ ಥಾಮಸ್ ಕಾರ್ಲೈಲ್ ಹೆಸರು ಮಾತ್ರ ಎಲ್ಲರಿಗೂ ಗೊತ್ತು, ತಮಾಷೆ ಅಲ್ವಾ?

ಚಿತ್ರ ಮ್ಯಾಂಚೆಸ್ಟರ್ ಆರ್ಟ್ ಗ್ಯಾಲರಿಯದು. ಹತ್ತಿರ ಇರುವವರು ಬಿಡುವಾದಾಗ ಹೋಗಿ ಆ ಮೂಲೆಯ ಒಂದು ಫೋಟೋ ತೆಗೆದು ಕಳಿಸ್ತೀರಾ? ನೆಟ್‌ನಲ್ಲಿ ಸಿಗೋದರಲ್ಲಿ ಆ ಜಾಗ ಕತ್ತಲು ಕತ್ತಲು. ಹೋಗುವ ಮುಂಚೆ ಚಿತ್ರ ಗೋಡೆ ಮೇಲಿದೆಯಾ ಅಂತ ಕೇಳಿಕೊಳ್ಳಿ, ಸುಮ್ನೆ ಅಲೆಯೋದು ಬೇಡ.

ಇನ್ನೊಂದು: ಚಿತ್ರದ ನಡುವಿನವರಂತೆ ರಸ್ತೆ, ಕಾಲುವೆ, ರೈಲು ದಾರಿಗೆ ನೆಲ ಅಗೆಯುವ ಕೆಲಸದವರನ್ನು ಇಂಗ್ಲಿಷಿನಲ್ಲಿ 'ನ್ಯಾವಿ' (navvy) ಅಂತಾರೆ, ಅದಕ್ಕೆ ಕನ್ನಡದಲ್ಲಿ ಏನನ್ನಲಿ? ಬರೀ 'ಕೂಲಿ' ಅಂದರೆ ಸಾಲದು ಅನ್ನಿಸುತ್ತೆ.