ಬಡ್ತಿ ಬರುವ ಮುಂಚೆಯೇ ಮುಖ್ಯಶಿಕ್ಷಕಿಯಾಗಿ ನಮ್ಮದೇ ನಾಯಕತ್ವ ಶೈಲಿ ರೂಢಿಸಿಕೊಳ್ಳುವುದು ಹೇಗೆ?

ಸಹಶಿಕ್ಷಕಿ_ಹಾವೇರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಹಶಿಕ್ಷಕಿ. ಜ್ಯೇಷ್ಠತಾ ಪಟ್ಟಿ ನೋಡಿದರೆ ಮುಖ್ಯಶಿಕ್ಷಕರ ಬಡ್ತಿ ಇನ್ನು ದೂರವಿಲ್ಲ. ತರಬೇತಿಯಲ್ಲಿ ಅಧಿಕಾರಯುತ, ಪ್ರಜಾಸತ್ತಾತ್ಮಕ, ಪರಿವರ್ತನಶೀಲ ಅಂತ ನಾಯಕತ್ವದ ಬಗೆಗಳನ್ನು ಹೇಳಿಕೊಡುತ್ತಾರೆ. ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅದನ್ನು ಇಟ್ಟುಕೊಂಡು ಏನು ಮಾಡಬೇಕು ಅನ್ನೋದು ಮಾತ್ರ ತಿಳಿಯುತ್ತಿಲ್ಲ. ಈಗಿನಿಂದಲೇ ಏನು ಅಭ್ಯಾಸ ಮಾಡಬಹುದು? ಹೋಗುವ ಶಾಲೆಯಲ್ಲಿ ಬಡ್ತಿ ಬೇಡವೆಂದು ಬರೆದುಕೊಟ್ಟ, ನನಗಿಂತ ಸೀನಿಯರ್ ಆದವರಿದ್ದರೆ ಅವರ ತರಗತಿ ವೀಕ್ಷಣೆ ಹೇಗೆ ಮಾಡುವುದು?

ಮಲೆನಾಡ_ಮೇಷ್ಟ್ರು

ಮೇಡಂ, ನಿಮ್ಮ ಸ್ವಭಾವ ಯಾವ ಬಗೆಯದು ಅಂತ ಯೋಚಿಸುತ್ತಾ ಕೂರುವುದಕ್ಕಿಂತ, ನಿಮ್ಮ ಶಾಲೆಯಲ್ಲಿ ಒಂದು ವಾರ ಆಗುವ ನಿರ್ಧಾರಗಳನ್ನೆಲ್ಲ ಬರೆದಿಡಿ. ವೇಳಾಪಟ್ಟಿ, ರಜೆ ಮೇಲಿರುವವರ ಪೀರಿಯಡ್ ಯಾರಿಗೆ, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕ ಯಾವಾಗ ದಾಖಲಾಗಬೇಕು, ಅನುದಾನದಲ್ಲಿ ಮೊದಲು ಏನು ಕೊಳ್ಳಬೇಕು ಇತ್ಯಾದಿ. ಪ್ರತಿಯೊಂದರ ಮುಂದೆ ಹೀಗೆ ಗುರುತು ಹಾಕಿ: ಮುಖ್ಯಶಿಕ್ಷಕರು ಒಬ್ಬರೇ ತೀರ್ಮಾನಿಸುವುದು, ಉಳಿದವರನ್ನು ಕೇಳಿ ತೀರ್ಮಾನಿಸುವುದು, ಎಲ್ಲರೂ ಕೂತು ತೀರ್ಮಾನಿಸುವುದು, ಆಯಾ ಶಿಕ್ಷಕರಿಗೇ ಬಿಡುವುದು. ನಿಮ್ಮ ಶೈಲಿ ಆ ಪಟ್ಟಿಯಲ್ಲೇ ಕಾಣುತ್ತದೆ.

ಮಗುವಿನ ಮೇಲೆ ಯಾರಾದರೂ ಕೈ ಮಾಡಿದರೆ ಸಭೆ ಕರೆಯುವ ಮಾತೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ, ಆ ಕ್ಷಣವೇ ನೀವು ನಿಲ್ಲಿಸಬೇಕು. ಶಾಲಾ ಅಭಿವೃದ್ಧಿ ಯೋಜನೆಯನ್ನು ಒಬ್ಬರೇ ಕೂತು ಬರೆಯುವ ಹಾಗಿಲ್ಲ. 22ನೇ ಸೆಕ್ಷನ್ ಆ ಕೆಲಸ ಕೊಟ್ಟಿರುವುದು ಎಸ್‌ಡಿಎಂಸಿಗೆ, ಅಂದರೆ ಪೋಷಕರೇ ಹೆಚ್ಚಿರುವ ಶಾಲಾಭಿವೃದ್ಧಿ ಸಮಿತಿಗೆ. ನಲಿ-ಕಲಿ (ಚಿಕ್ಕ ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆ) ಕೊಠಡಿಯಲ್ಲಿ ಮಕ್ಕಳ ಗುಂಪು ಸೂಚಿಸುವ ತಟ್ಟೆಗಳನ್ನು ಯಾವ ಮೂಲೆಯಲ್ಲಿ ಇಡಬೇಕು ಅನ್ನೋದು ಆ ತರಗತಿಯ ಶಿಕ್ಷಕಿಗೆ ಬಿಟ್ಟದ್ದು, ಅಲ್ಲಿ ಕೈ ಹಾಕಬೇಡಿ.

ಎಡವಟ್ಟಾಗುವುದು ಎಲ್ಲಿ ಗೊತ್ತೇ? ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡು ಬಂದು ‘ನಿಮ್ಮ ಅಭಿಪ್ರಾಯ ಹೇಳಿ’ ಅನ್ನುವಲ್ಲಿ. ಎರಡು ಮೂರು ಸಭೆಯೊಳಗೆ ಸಿಬ್ಬಂದಿಗೆ ಅದು ಗೊತ್ತಾಗುತ್ತದೆ, ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ. ತೀರ್ಮಾನ ಆಗಿದ್ದರೆ ‘ಇದು ಆಗಿದೆ, ತಿಳಿಸುತ್ತಿದ್ದೇನೆ’ ಎಂದು ನೇರ ಹೇಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಚರ್ಚೆ ಬೇಕಿದ್ದರೆ ಕಡಿಮೆ ಸೇವೆಯಾದವರಿಂದ ಶುರು ಮಾಡಿಸಿ, ನೀವು ಕೊನೆಗೆ ಮಾತಾಡಿ. ಹಿಂದಿನ ದಿನವೇ ವಿಷಯಪಟ್ಟಿ ಹಾಕಿ, ಮೂರಕ್ಕಿಂತ ಹೆಚ್ಚು ವಿಷಯ ಬೇಡ. ಸುತ್ತೋಲೆ ಓದಿ ಹೇಳುವುದಕ್ಕೆ ವಾಟ್ಸ್‌ಆ್ಯಪ್ ಗುಂಪು ಇದೆ.

ಕೆಲಸ ಹಂಚಿ, ಆದರೆ ಲೆಕ್ಕ ನೋಡುವುದನ್ನು ಬಿಡಬೇಡಿ. ಬಿಸಿಯೂಟದ ದಾಸ್ತಾನು ಪುಸ್ತಕ ಯಾರ ಕೈಯಲ್ಲೇ ಇರಲಿ, ವಾರಕ್ಕೊಮ್ಮೆ ಯಾವುದಾದರೂ ಒಂದು ದಿನದ ತಾಳೆ ಹಾಕಿ. ಅನ್ನದ ದಿನ 1ರಿಂದ 5ರಲ್ಲಿ 60 ಮಕ್ಕಳು ಹಾಜರಿದ್ದರೆ ತಲಾ 100 ಗ್ರಾಂನಂತೆ 6 ಕಿಲೋ, 6ರಿಂದ 8ರಲ್ಲಿ 45 ಮಕ್ಕಳಿಗೆ ತಲಾ 150 ಗ್ರಾಂನಂತೆ 6.75 ಕಿಲೋ. ಪುಸ್ತಕದಲ್ಲಿ ಆ ದಿನ 12.75 ಕಿಲೋ ಅಕ್ಕಿ ಖರ್ಚು ಕಾಣಬೇಕು. ಇದರಿಂದ ನಂಬಿಕೆ ಕೆಡುವುದಿಲ್ಲ. ನಾಳೆ ಲೆಕ್ಕದಲ್ಲಿ ಏರುಪೇರಾದರೆ ಪುಸ್ತಕ ಬರೆದ ಶಿಕ್ಷಕರೂ ನೀವೂ ಇಬ್ಬರೂ ಉಳಿಯುತ್ತೀರಿ.

ಕ್ಲಸ್ಟರ್_ಚಿತ್ರದುರ್ಗ

ಮೇಷ್ಟ್ರು ಹೇಳಿದ್ದು ಆಡಳಿತದ ಕಡೆ. ಮಕ್ಕಳ ಕಲಿಕೆಗೆ ಹೆಚ್ಚು ತಟ್ಟುವುದು ಬೇರೆ. ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಶಿಕ್ಷಕರ ಕಲಿಕೆಯಲ್ಲಿ ಮುಖ್ಯಸ್ಥರು ತಾವೂ ಭಾಗಿಯಾಗುವುದರ ಪರಿಣಾಮ 0.84 (ಸಂಖ್ಯೆ ದೊಡ್ಡದಾದಷ್ಟು ಮಕ್ಕಳ ಕಲಿಕೆಯ ಮೇಲೆ ಪರಿಣಾಮ ಹೆಚ್ಚು). ಗುರಿ ನಿಗದಿ ಮಾಡುವುದರದು 0.42, ಶಿಸ್ತಿನ ವಾತಾವರಣ ಕಾಯುವುದರದು 0.27. ನಮ್ಮ ಕಡೆ ಎಲ್ಲರೂ ಮೊದಲು ಹಿಡಿಯುವುದು ಆ ಕೊನೆಯದನ್ನೇ. ನನಗೆ ಬೇಸರ ತರುವ ಸಂಗತಿ ಇದು.

ಹಾಗಾಗಿ ವೀಕ್ಷಣೆ ಕಲಿಯಿರಿ. ಒಂದು ನೋಟ್‌ಬುಕ್ ಪುಟದಲ್ಲಿ ಮೂರು ಕಲಂ ಗೆರೆ ಎಳೆಯಿರಿ: ಸಮಯ, ಶಿಕ್ಷಕರು ಮಾಡಿದ್ದು, ಮಕ್ಕಳು ಮಾಡಿದ್ದು. 40 ನಿಮಿಷದ ಪೀರಿಯಡ್‌ನಲ್ಲಿ ಐದೈದು ನಿಮಿಷಕ್ಕೆ ಒಂದು ಸಾಲು. ‘ಚೆನ್ನಾಗಿದೆ’, ‘ಸಾಲದು’ ಅಂತ ಬರೆಯಬೇಡಿ, ಕಣ್ಣಿಗೆ ಕಂಡದ್ದು ಮಾತ್ರ: ‘11.20, ಭಿನ್ನರಾಶಿಯ ಪ್ರಶ್ನೆ, ಮುಂದಿನ ಬೆಂಚಿನ ಮೂವರು ಉತ್ತರಿಸಿದರು, ಕಿಟಕಿ ಕಡೆಯ ಸಾಲು ಬೋರ್ಡಿನಲ್ಲಿದ್ದದ್ದನ್ನು ಬರೆದುಕೊಳ್ಳುತ್ತಿತ್ತು.’ ಅದೇ ದಿನ 15 ನಿಮಿಷ ಕೂತು ಮಾತಾಡಿ, ಮೊದಲು ಅವರಿಂದಲೇ ಕೇಳಿ. ಒಪ್ಪಿಕೊಳ್ಳುವ ಬದಲಾವಣೆ ಒಂದೇ ಒಂದು ಇರಲಿ, ಒಂದು ವಾರ ಬಿಟ್ಟು ಅದನ್ನಷ್ಟೇ ನೋಡಲು ಮತ್ತೆ ಹೋಗಿ. ಐದಾರು ಸಲಹೆ ಒಟ್ಟಿಗೆ ಕೊಟ್ಟರೆ ಒಂದೂ ನಡೆಯುವುದಿಲ್ಲ. ಈ ಪುಸ್ತಕವನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಭೇಟಿಗೆ ತೋರಿಸುವ ದಾಖಲೆ ಮಾಡಿದಿರೋ, ಅಂದಿನಿಂದ ನಿಮಗೆ ಕಾಣುವುದು ಸಿದ್ಧಪಡಿಸಿದ ಪಾಠ ಮಾತ್ರ.

ಸೀನಿಯರ್ ಶಿಕ್ಷಕರ ವಿಷಯ: ಮೊದಲು ನಿಮ್ಮ ಪಾಠಕ್ಕೆ ಅವರನ್ನು ಕರೆದು ಅದೇ ಮೂರು ಕಲಂ ಹಾಳೆ ಕೊಡಿ. ‘ಸರ್, ಎಷ್ಟು ಮಕ್ಕಳು ಬಾಯಿ ಬಿಟ್ಟರು ಅನ್ನೋದನ್ನಷ್ಟು ಎಣಿಸಿ ಹೇಳಿ’ ಅಂತ ಕೇಳಿ. ಅವರು ಬರೆದದ್ದರ ಮೇಲೆ ನೀವು ಒಂದು ಬದಲಾವಣೆ ಮಾಡಿ ತೋರಿಸಿ. ಆಮೇಲೆ ಅವರ ತರಗತಿಗೆ ನೀವು ಹೋಗುವುದು ಸಲೀಸು.

ಧಾರವಾಡದ_ಓದುಗ

ಒಂದು ಸಣ್ಣ ಭಿನ್ನಾಭಿಪ್ರಾಯ. ಹೊಸ ಶಾಲೆಗೆ ಕಾಲಿಟ್ಟ ಮೊದಲ ತಿಂಗಳು ವೀಕ್ಷಣೆಯನ್ನೇ ಇಟ್ಟುಕೊಳ್ಳಬೇಡಿ. ಆಗ ಪ್ರತಿಯೊಬ್ಬರ ಜೊತೆ ಬೇರೆ ಬೇರೆಯಾಗಿ ಅರ್ಧ ಗಂಟೆ ಕೂತು ಎರಡೇ ಪ್ರಶ್ನೆ ಕೇಳಿ: ಇಲ್ಲಿ ಯಾವುದನ್ನು ಬದಲಿಸಬಾರದು? ನಿಮ್ಮ ಕೆಲಸಕ್ಕೆ ಅಡ್ಡಿಯಾಗಿರುವುದು ಏನು? ಅಡುಗೆಯವರನ್ನೂ ಎಸ್‌ಡಿಎಂಸಿಯ ತಾಯಂದಿರನ್ನೂ ಬಿಡಬೇಡಿ. ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಸಹಿಯಷ್ಟೇ ತೆಗೆದುಕೊಂಡರೆ ಅವರ ಮಾತು ಕಟ್ಟೆಯ ಮೇಲೆ ಕೇಳಿಸುತ್ತದೆ, ಸಭೆಯಲ್ಲಿ ಕೇಳಿಸುವುದಿಲ್ಲ.

ಈಗಿನ ಅಭ್ಯಾಸಕ್ಕೆ: ಪ್ರತಿಭಾ ಕಾರಂಜಿ ಸ್ಪರ್ಧೆಗಳನ್ನೋ ಎಸ್‌ಎ-1 (ಅರ್ಧವಾರ್ಷಿಕ) ಪರೀಕ್ಷೆಯನ್ನೋ ನಿಮ್ಮ ಜವಾಬ್ದಾರಿಗೆ ಕೇಳಿ ತೆಗೆದುಕೊಳ್ಳಿ. ಮುಗಿದ ಮೇಲೆ ಜೊತೆಗಿದ್ದವರಿಂದ ಹೆಸರಿಲ್ಲದ ಚೀಟಿ ಬರೆಸಿ: ನಾನು ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ಶುರು ಮಾಡಬೇಕು. ಮುಖ್ಯಶಿಕ್ಷಕರು ರಜೆ ಹಾಕಿದಾಗ ಪ್ರಭಾರ ವಹಿಸಿಕೊಳ್ಳಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆ ವೃತ್ತಿಪರ ಕಲಿಕೆ ಎಂದಿದೆ, ಅದರಲ್ಲಿ ಕೆಲವನ್ನು ನಾಯಕತ್ವಕ್ಕೆ ಎತ್ತಿಡಿ. ಧಾರವಾಡದಲ್ಲಿರುವ ರಾಜ್ಯದ ಶೈಕ್ಷಣಿಕ ಆಡಳಿತ ತರಬೇತಿ ಸಂಸ್ಥೆಯ ತರಬೇತಿಗಳ ಮೇಲೂ ಕಣ್ಣಿರಲಿ.

ಸಹಶಿಕ್ಷಕಿ_ಹಾವೇರಿ

ತುಂಬಾ ಉಪಯೋಗವಾಯಿತು. ಪದೇ ಪದೇ ತಡವಾಗಿ ಬರುವವರ ಜೊತೆ ಹೇಗೆ?

ಮಲೆನಾಡ_ಮೇಷ್ಟ್ರು

ಪ್ರಾರ್ಥನೆಯ ಸಾಲಿನ ಮುಂದೆ, ಮಕ್ಕಳೆದುರು ಒಂದು ಮಾತೂ ಬೇಡ. ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಕೊಠಡಿಯಲ್ಲಿ ಒಬ್ಬರನ್ನೇ ಕೂರಿಸಿ ಕಾರಣ ಕೇಳಿ. ಬಸ್ಸಿನ ತೊಂದರೆಯಾದರೆ ಪ್ರಾರ್ಥನೆಯ ಮೇಲ್ವಿಚಾರಣೆಯನ್ನು ಬೇರೆಯವರಿಗೆ ಕೊಟ್ಟು ಸಂಜೆಯ ಕೆಲಸ ಅವರಿಗೆ ಬದಲಿಸಬಹುದು. ಆದರೆ ತಡವಾಗಿ ಬಂದದ್ದಕ್ಕೆ ಅದು ಮಾಫಿಯಲ್ಲ, ಬಂದ ಹೊತ್ತನ್ನೇ ಪುಸ್ತಕದಲ್ಲಿ ಬರೆಯಬೇಕು. ಇಂಥ ದಿನದಿಂದ ಸಮಯಕ್ಕೆ ಸರಿಯಾಗಿ ಬರಬೇಕು ಅಂತ ದಿನಾಂಕ ಒಪ್ಪಿಸಿ. ಆಮೇಲೂ ನಡೆದರೆ ಲಿಖಿತ ಮೆಮೊ ಕೊಡಿ, ಸ್ವೀಕೃತಿ ಸಹಿ ತೆಗೆದುಕೊಳ್ಳಿ. ನಿಮಗೆ ಬೇಕಾದವರು ತಡವಾಗಿ ಬಂದರೂ ಇದೇ ಕ್ರಮ. ಅದೊಂದು ತಪ್ಪಿದರೆ ಉಳಿದವರಿಗೆ ಕೊಟ್ಟ ಮೆಮೊಗೆ ಬೆಲೆ ಇರುವುದಿಲ್ಲ.