ಪಿಕಪ್‌ಗೆ ಬೋಲ್ಟ್ ಹಾಕುವ ರಾಕ್ ಸ್ಲೈಡರ್: ಕೂರಿಸಿದವರು ಅನುಭವ ಹೇಳಿ

ಸಕಲೇಶಪುರದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಇಸುಜು ವಿ-ಕ್ರಾಸ್. ಅಪ್ಪನಿಗೆ ಮಂಡಿ ನೋವು ಬಂದ ಮೇಲೆ ತೋಟದ ಓಡಾಟವೆಲ್ಲ ನನ್ನದೇ. ಹೋದ ವಾರ ಹಳ್ಳ ದಾಟುವಾಗ ಎಡಗಡೆ ಕಲ್ಲು ತಾಗಿತು. ಅಂಗಡಿಯಲ್ಲಿ ಹಾಕಿಸಿದ್ದ ಸ್ಟೀಲ್ ಸೈಡ್ ಸ್ಟೆಪ್ ಮಡಚಿಕೊಂಡು ಬಾಗಿಲ ಕೆಳಗಿನ ತಗಡಿಗೆ ಒತ್ತಿಬಿಟ್ಟಿದೆ. ಹಿಂದಿನ ಬಾಗಿಲು ಪೂರ್ತಿ ತೆಗೆಯಲು ಆಗುತ್ತಿಲ್ಲ. ಈಗ ರಾಕ್ ಸ್ಲೈಡರ್ (ಕಲ್ಲು ತಾಗದಂತೆ ಬಾಗಿಲ ಕೆಳಗೆ ಉದ್ದಕ್ಕೂ ಕೂರಿಸುವ ಗಟ್ಟಿ ಪೈಪು) ಹಾಕಿಸೋಣ ಅಂತಿದ್ದೇನೆ. ವೆಲ್ಡಿಂಗ್ ಮಾಡಿಸಲಾ, ಬೋಲ್ಟ್ ಹಾಕಿದರೆ ಸಾಕಾ? ಚಾಸಿಗೆ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ, ತೂತು ಕೊರೆಯಬೇಕಾ? ಮನೆಯಲ್ಲೇ ಕೂರಿಸಬಹುದಾ? ಅಮ್ಮ ಹತ್ತಿ ಇಳಿಯಲು ಅದೇ ಮೆಟ್ಟಿಲೂ ಆಗಬೇಕು.

ಮೂಡಿಗೆರೆಯಿಂದ

ಮೇಡಂ, ಬೋಲ್ಟ್ ಹಾಕುವುದೇ ಸಾಕು. ನಮ್ಮ ವಿ-ಕ್ರಾಸ್‌ಗೆ ಹಾಕಿ ಮೂರು ಮಳೆಗಾಲ ಕಳೆಯಿತು.

ನಿಮ್ಮ ಸೈಡ್ ಸ್ಟೆಪ್ ಮಡಚಿದ್ದರಲ್ಲಿ ಆಶ್ಚರ್ಯ ಇಲ್ಲ. ಅದು ಕಾಲಿಡಲು ಮಾಡಿದ್ದು, ಗಾಡಿಯ ಭಾರ ಹೊರಲು ಅಲ್ಲ. ತೆಳು ಪೈಪು, ತೆಳು ಪಟ್ಟಿ, ಅದನ್ನೂ ಎಷ್ಟೋ ಕಡೆ ಬಾಡಿಗೇ ಕಚ್ಚಿಸಿರುತ್ತಾರೆ. ಕಲ್ಲು ತಾಗಿದರೆ ಪೆಟ್ಟು ನೇರ ಬಾಡಿಗೆ. ಸ್ಲೈಡರ್ ಹಾಗಲ್ಲ, ಚಾಸಿಗೆ ಕೂರುತ್ತದೆ. ಸುಮಾರು ಎರಡು ಟನ್ ತೂಕದ ಗಾಡಿ ಅದರ ಮೇಲೆ ಜಾರಿಕೊಂಡು ಕಲ್ಲು ದಾಟಬೇಕು. ವಿ-ಕ್ರಾಸ್‌ನಲ್ಲಿ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ 3095 ಮಿಲಿಮೀಟರ್ ಅಂತರ. ಜೀಪು ಸಲೀಸಾಗಿ ದಾಟುವ ದಿಬ್ಬದಲ್ಲಿ ನಮ್ಮ ಗಾಡಿಯ ಹೊಟ್ಟೆ ಕೂರುತ್ತದೆ. ಗಾಡಿ ಎತ್ತರಿಸುವ ಖರ್ಚಿಗಿಂತ ಮೊದಲು ಸ್ಲೈಡರ್ ಹಾಕಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಕೂರಿಸಿದ್ದು ನಾನು ಮತ್ತು ನಮ್ಮ ಭಾವ, ಕಾಫಿ ಕಣದ ಮೇಲೆ. ಸಮತಟ್ಟಾದ ಜಾಗ ಬೇಕೇ ಬೇಕು. ಒಂದೊಂದು ಸ್ಲೈಡರ್ 28 ಕಿಲೋ ಇತ್ತು. ಒಬ್ಬರೇ ಮಲಗಿಕೊಂಡು ಅದನ್ನು ಎತ್ತಿ ಹಿಡಿದು ಬೋಲ್ಟ್ ಹಾಕುವುದು ಆಗದ ಮಾತು. ಜಾಕಿಯ ಮೇಲೆ ಮರದ ತುಂಡು ಇಟ್ಟು ಸ್ಲೈಡರನ್ನು ಅದರ ಮೇಲೆ ಕೂರಿಸಿ ನಿಧಾನ ಏರಿಸಿದೆವು. ಗಾಡಿ ನೆಲದ ಮೇಲೇ ಇರಲಿ, ಕೆಳಗೆ ಕೈ ಆಡಿಸುವಷ್ಟು ಜಾಗ ಇದೆ. ಜಾಕಿಯ ಮೇಲೆ ನಿಲ್ಲಿಸಿದ ಗಾಡಿಯ ಅಡಿಗೆ ಮಾತ್ರ ದಯವಿಟ್ಟು ನುಗ್ಗಬೇಡಿ.

ತೂತಿನ ವಿಷಯ. ನಿಮ್ಮದೇ ಮಾಡೆಲಿಗೆ ಅಂತ ಮಾಡಿದ ಸೆಟ್ ಆದರೆ ಚಾಸಿಯಲ್ಲಿ ಮೊದಲೇ ಇರುವ ತೂತುಗಳನ್ನೇ ಬಳಸುತ್ತದೆ. ಕೆಲವು ತೂತಿನ ಹಿಂದೆ ನಟ್ಟು ಬೆಸೆದಿರುತ್ತದೆ. ನಾವು ಎಡವಿದ್ದು ಅಲ್ಲೇ. ನಟ್ಟಿನೊಳಗೆ ವರ್ಷಗಳ ಕೆಸರು ಗಟ್ಟಿಯಾಗಿ ಕೂತಿತ್ತು. ಬೋಲ್ಟ್ ಬಿಗಿಯಾಗಿದೆ, ಸರಿಯಾಗಿಯೇ ಕೂರುತ್ತಿದೆ ಅಂದುಕೊಂಡು ಭಾವ ಉದ್ದ ಹಿಡಿಯ ಪಾನಾ ಹಾಕಿ ಎಳೆದರು. ಟಕ್ ಅಂತ ಒಂದು ಸದ್ದು. ಆಮೇಲೆ ಬೋಲ್ಟ್ ಸುಮ್ನೆ ತಿರುಗುತ್ತಲೇ ಇತ್ತು. ಒಳಗಿನ ನಟ್ಟು ಬೆಸುಗೆ ಬಿಟ್ಟು ಡಬ್ಬಿಯಂತೆ ಟೊಳ್ಳಾಗಿರುವ ಚಾಸಿಯೊಳಗೆ ಬಿದ್ದಿತ್ತು. ಆ ಸದ್ದು ನನಗೆ ಇವತ್ತಿಗೂ ನೆನಪಿದೆ.

ಅದನ್ನು ಸರಿ ಮಾಡಿದ್ದು ಬೈಂಡಿಂಗ್ ವೈರಿನಿಂದ. ಒಂದು ಪಟ್ಟಿಗೆ ನಟ್ಟು ಬೆಸೆಸಿಕೊಂಡು ಬಂದೆವು. ಬೋಲ್ಟಿನ ತೂತಿನಿಂದ ವೈರನ್ನು ಒಳಗೆ ತಳ್ಳಿ, ಅರ್ಧ ಅಡಿ ಆಚೆ ಇದ್ದ ದೊಡ್ಡ ತೂತಿನಿಂದ ಹೊರಗೆ ಎಳೆದೆವು. ಆ ತುದಿಯನ್ನು ನಟ್ಟಿನೊಳಗೆ ಹಾಯಿಸಿ ಗಂಟು ಹಾಕಿ, ಪಟ್ಟಿಯನ್ನು ದೊಡ್ಡ ತೂತಿನೊಳಗೆ ಬಿಟ್ಟು ಈ ಕಡೆಯಿಂದ ಎಳೆದರೆ ಅದು ಬಂದು ತೂತಿನ ಹಿಂದೆ ಕೂರುತ್ತದೆ. ಒಂದೇ ಬೋಲ್ಟಿಗೆ ಎರಡು ಗಂಟೆ ಹೋಯಿತು. ನೀವು ಇದನ್ನು ತಪ್ಪಿಸಬಹುದು. ಹಿಂದಿನ ದಿನವೇ ಎಲ್ಲ ತೂತಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಡಿ. ಮರುದಿನ ಟ್ಯಾಪ್ (ನಟ್ಟಿನೊಳಗಿನ ಮರೆ ಕೊರೆಯುವ ಸಾಧನ) ಹಾಕಿ ಥ್ರೆಡ್, ಅಂದರೆ ಆ ಮರೆಗಳನ್ನು, ಶುಚಿ ಮಾಡಿ. ಬೋಲ್ಟನ್ನು ಬರಿಗೈಯಲ್ಲಿ ನಾಲ್ಕೈದು ಸುತ್ತು ತಿರುಗಿಸಿ. ಕೈಯಲ್ಲಿ ಹೋಗದ ಬೋಲ್ಟಿಗೆ ಪಾನಾ ಹಾಕಬೇಡಿ.

ಇನ್ನೊಂದು, ಯಾವ ಬೋಲ್ಟನ್ನೂ ಮೊದಲೇ ಪೂರ್ತಿ ಬಿಗಿ ಮಾಡಬೇಡಿ. ಎಲ್ಲವನ್ನೂ ಸಡಿಲವಾಗಿ ಹಾಕಿ, ಹಿಂದೆ ಮುಂದೆ ನೋಡಿ, ಬಾಗಿಲಿಗೆ ಸಮವಾಗಿ ಹೊಂದಿಸಿ. ನಾಲ್ಕೂ ಬಾಗಿಲು ತೆಗೆದು ಹಾಕಿ ನೋಡಿ. ಆಮೇಲೆ ನಡುವಿನಿಂದ ಎರಡೂ ತುದಿಗೆ ಬಿಗಿ ಮಾಡುತ್ತಾ ಹೋಗಿ. ನಾವು ಮೊದಲ ಬ್ರಾಕೆಟ್ಟನ್ನೇ ಬಿಗಿ ಮಾಡಿದ್ದರಿಂದ ಕೊನೆಯದು ತೂತಿಗೆ ಸೇರದೆ ಎಲ್ಲ ಬಿಚ್ಚಬೇಕಾಯಿತು.

ಹಾಸನದಿಂದ, ಫ್ಯಾಬ್ರಿಕೇಷನ್ ಕೆಲಸದವನು

ಮೇಲಿನವರು ಹೇಳಿದ್ದು ಸರಿ. ವೆಲ್ಡಿಂಗ್ ನನ್ನ ಹೊಟ್ಟೆಪಾಡು, ಆದರೂ ಚಾಸಿಗೆ ವೆಲ್ಡ್ ಮಾಡಿಸಬೇಡಿ ಅಂತಲೇ ಹೇಳುತ್ತೇನೆ. ಚಾಸಿಯ ಒಳಬದಿಯಲ್ಲಿ ಬ್ರೇಕ್ ಪೈಪು, ಡೀಸೆಲ್ ಪೈಪು, ವೈರಿಂಗ್ ಹಾದುಹೋಗಿರುತ್ತದೆ. ಹೊರಗಿನ ಬೆಸುಗೆಯ ಕಾವು ಒಳಗಿನದನ್ನು ಸುಡಬಹುದು. ಒಳಗಡೆಯ ಬಣ್ಣವೂ ಸುಟ್ಟು, ನಿಮ್ಮ ಕೈ ಹೋಗದ ಜಾಗದಲ್ಲಿ ತುಕ್ಕು ಶುರುವಾಗುತ್ತದೆ. ಬೋಲ್ಟಿನದಾದರೆ ಬಗ್ಗಿದ ದಿನ ಬಿಚ್ಚಿ ತಂದು ಸರಿ ಮಾಡಿಸಬಹುದು.

ಸೆಟ್ ಸಿಗದೆ ಇಲ್ಲೇ ಮಾಡಿಸುವುದಾದರೆ ಪೈಪಿನ ಬಗ್ಗೆ ಕೇಳಿ ತಿಳಿದುಕೊಳ್ಳಿ. ಒಂದೂವರೆ ಇಂಚಿನ ಬಿ ಕ್ಲಾಸ್ ಪೈಪಿಗೆ ಹೊರ ಅಳತೆ 48.3 ಮಿ.ಮೀ., ದಪ್ಪ 3.2. ಸಿ ಕ್ಲಾಸ್ ಆದರೆ ದಪ್ಪ 4. ನಾನು ತೋಟದ ಗಾಡಿಗಳಿಗೆ ಬಿ ಕ್ಲಾಸ್ ಹಾಕುತ್ತೇನೆ, ತೂಕ ಹಿಡಿತದಲ್ಲಿ ಇರುತ್ತದೆ. ಕಪ್ಪು ಪೈಪೇ ಕೇಳಿ, ಜಿಐ (ಸತು ಲೇಪಿಸಿದ್ದು) ಬೇಡ. ಜಿಐಗೆ ಬೆಸುಗೆ ಹಾಕುವಾಗ ಸತುವಿನ ಹೊಗೆ ಬರುತ್ತದೆ, ಕೆಲಸ ಮಾಡುವವನ ಎದೆಗೆ ಕೆಟ್ಟದ್ದು, ಬೆಸುಗೆಯೂ ಚೆನ್ನಾಗಿ ಬರುವುದಿಲ್ಲ.

ತೂತು ಕೊರೆಯಲೇಬೇಕಾದರೆ ಚಾಸಿಯ ಪಕ್ಕದ ಗೋಡೆಯ ನಡುಭಾಗದಲ್ಲಿ ಕೊರೆಯಿರಿ. ಮೇಲಿನ, ಕೆಳಗಿನ ಅಂಚುಗಳೇ ಜಾಸ್ತಿ ಭಾರ ಹೊರುವುದು, ಅಲ್ಲಿ ಬೇಡ. ಬೋಲ್ಟ್ ಡಬ್ಬಿ ಚಾಸಿಯ ಆರ್‌ಪಾರ್ ಹೋಗುವುದಾದರೆ ಒಳಗೆ ಒಂದು ಪೈಪಿನ ತುಂಡು ಕೊಡಬೇಕು. ಇಲ್ಲದಿದ್ದರೆ ಬಿಗಿ ಮಾಡಿದಷ್ಟೂ ಡಬ್ಬಿಯ ಎರಡು ಗೋಡೆ ಒಳಕ್ಕೆ ಬಾಗುತ್ತವೆ, ಬೋಲ್ಟ್ ಎಂದಿಗೂ ಬಿಗಿಯಾಗಿ ನಿಲ್ಲುವುದಿಲ್ಲ. ಕೊರೆದ ಅಂಚಿಗೆ ಅರ ಹಾಕಿ, ಜಿಂಕ್ ಪ್ರೈಮರ್ ಹಚ್ಚಿ. ಬೋಲ್ಟ್ ತಲೆಯ ಮೇಲೆ 8.8 ಅಥವಾ 10.9 ಅಂತ ಬಲದ ದರ್ಜೆ ಬರೆದಿರಲೇಬೇಕು. ಎಂ12 (12 ಮಿ.ಮೀ.) ಅಳತೆಯ 8.8 ಬೋಲ್ಟಿಗೆ 80 ನ್ಯೂಟನ್ ಮೀಟರ್ ಆಸುಪಾಸು ಬಿಗಿತ ಸಾಕು. ಸೆಟ್ಟಿನ ಜೊತೆ ಚೀಟಿ ಬಂದಿದ್ದರೆ ಅದರಲ್ಲಿ ಇರುವಷ್ಟೇ ಕೊಡಿ.

ಡೆನ್ವರ್‌ನಿಂದ

ನಾನು ಶಿವಮೊಗ್ಗದವನು, ಇಲ್ಲಿ ಟೊಯೊಟಾ ಟಕೋಮಾ ಪಿಕಪ್ ಇದೆ. ಇಲ್ಲಿ ಬೋಲ್ಟ್ ಸ್ಲೈಡರ್ ತುಂಬಾ ಸಾಮಾನ್ಯ. ಎರಡೇ ಮಾತು. ಕೆಲವು ಸೆಟ್‌ನಲ್ಲಿ ಚಾಸಿಯನ್ನು ಸುತ್ತುವ ಯು-ಬೋಲ್ಟ್ ಇರುತ್ತದೆ. ಅದನ್ನು ಹಾಕುವ ಮೊದಲು ಚಾಸಿಯ ಹಿಂದೆ ಕೈ ಹಾಕಿ ಬ್ರೇಕ್ ಪೈಪು ಸಿಕ್ಕಿಹಾಕಿಕೊಳ್ಳುತ್ತದಾ ಅಂತ ಮುಟ್ಟಿಯೇ ನೋಡಿ, ಟಾರ್ಚ್ ಬೆಳಕನ್ನು ಮಾತ್ರ ನಂಬಬೇಡಿ. ಎರಡನೆಯದು, ಹಿಂದಿನ ಗಾಲಿಯ ಹತ್ತಿರ ಪೈಪು ಹೊರಕ್ಕೆ ಬಾಗಿರುವ ಮಾದರಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಇಕ್ಕಟ್ಟಾದ ತಿರುವಿನಲ್ಲಿ ಮರವೋ ಬಂಡೆಯೋ ತಾಗಿದರೆ ಗಾಡಿಯ ಹಿಂಭಾಗವನ್ನು ಆಚೆ ತಳ್ಳುತ್ತದೆ. ತೋಟದ ರಸ್ತೆಯಲ್ಲಿ ಒಂದು ಕಡೆ ಧರೆ, ಇನ್ನೊಂದು ಕಡೆ ಸಿಲ್ವರ್ ಓಕ್ ಇರುತ್ತಲ್ಲ, ಅಲ್ಲಿ ಇದು ನಿಜವಾಗಿ ಕೆಲಸಕ್ಕೆ ಬರುತ್ತದೆ.

ಮಡಿಕೇರಿಯಿಂದ

ಅಮ್ಮನ ಮಾತು ಹೇಳಿದಿರಲ್ಲ, ಅದಕ್ಕೆ. ಸ್ಲೈಡರ್ ಎರಡು ಥರ ಬರುತ್ತದೆ. ಮೇಲಕ್ಕೆ ಓರೆಯಾಗಿ ಕೂರುವುದು ಕಲ್ಲಿಗೆ ಒಳ್ಳೆಯದು, ಆದರೆ ಒದ್ದೆ ಚಪ್ಪಲಿಗೆ ಜಾರುತ್ತದೆ. ಮಟ್ಟಸವಾಗಿ ಕೂರುವುದು ಹತ್ತಲು ಸಲೀಸು. ನಮ್ಮ ಅತ್ತೆಗೆ 70 ದಾಟಿದೆ. ಮಟ್ಟಸದ್ದು ಹಾಕಿಸಿ, ಮೇಲೆ ಚೆಕ್ಕರ್ ಪ್ಲೇಟ್ (ಜಾರದಂತೆ ಉಬ್ಬು ಗೆರೆ ಇರುವ ತಗಡು) ಕೂರಿಸಿದ ಮೇಲೆ ಅವರೇ ಬಾಗಿಲ ಹಿಡಿ ಹಿಡಿದು ಹತ್ತುತ್ತಾರೆ. ಪ್ಲೇಟಿನಲ್ಲಿ ನೀರು ಇಳಿಯಲು ತೂತು ಇರಲಿ, ಇಲ್ಲದಿದ್ದರೆ ಕೆಸರು ಅಲ್ಲೇ ನಿಲ್ಲುತ್ತದೆ.

ನಮ್ಮ ಗಾಡಿಯಲ್ಲಿ ಹಾಕಿದ ವಾರಕ್ಕೇ ಕಿರ್ ಕಿರ್ ಸದ್ದು ಶುರುವಾಯಿತು. ಪಿಕಪ್ಪಿನ ಬಾಡಿ ಚಾಸಿಯ ಮೇಲೆ ರಬ್ಬರ್ ಬುಷ್‌ಗಳಲ್ಲಿ ಕೂತಿರುತ್ತದೆ. ಗುಂಡಿಯಲ್ಲಿ ಚಾಸಿ ಒಂದು ಕಡೆ ತಿರುಚಿದರೆ ಬಾಡಿ ಸ್ವಲ್ಪ ಬೇರೆ ಥರ ಅಲುಗುತ್ತದೆ. ನಮ್ಮ ಸ್ಲೈಡರ್ ಬಾಡಿಗೆ ತೀರಾ ಹತ್ತಿರ ಇತ್ತು, ಅಲುಗಿದಾಗಲೆಲ್ಲ ಉಜ್ಜುತ್ತಿತ್ತು. ಬಿಚ್ಚಿ ಕೆಳಗಿಳಿಸಿ ಎರಡು ಬೆರಳು ಹೋಗುವಷ್ಟು ಜಾಗ ಬಿಟ್ಟೆವು, ಸದ್ದು ನಿಂತಿತು.

ಕಾನೂನಿನ ವಿಷಯವೂ ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಡಿಗೆ ಮಿತಿ ಹಾಕುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಹಾಕಿದವರ ಮೇಲೆ ಕ್ರಮ ತೆಗೆದುಕೊಳ್ಳಲು ರಾಜ್ಯಗಳಿಗೆ ಬರೆದಿತ್ತು. ಅದು ಮುಂಭಾಗದ ಗಾರ್ಡಿನ ಮಾತು, ಆದರೂ ಹಾಕಿಸುವ ಮೊದಲು ಆರ್‌ಟಿಓದಲ್ಲಿ ಕೇಳಿ. ಇನ್ಶೂರೆನ್ಸ್‌ನವರನ್ನೂ ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ಸ್ಲೈಡರ್ ಗಾಡಿಯ ಅಗಲಕ್ಕಿಂತ ಹೊರಗೆ ಚಾಚದಂತೆ ನೋಡಿಕೊಳ್ಳಿ.

ಮೂಡಿಗೆರೆಯಿಂದ, ಮತ್ತೆ

ಒಂದು ಬಿಟ್ಟುಹೋಗಿತ್ತು. ಬಿಗಿ ಮಾಡಿದ ಮೇಲೆ ನಟ್ಟಿನಿಂದ ಬ್ರಾಕೆಟ್ಟಿಗೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ಗೆರೆ ಒಡೆದು ಎರಡಾಗಿ ಕಂಡರೆ ನಟ್ಟು ತಿರುಗಿದೆ ಅಂತ. 100 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ, 500 ಆದ ಮೇಲೆ ಇನ್ನೊಮ್ಮೆ ಪಾನಾ ಹಾಕಿ ನೋಡಿ. ನಮ್ಮದರಲ್ಲಿ ಮೊದಲ ಸಲ ಮೂರು ಬೋಲ್ಟು ಕಾಲು ಸುತ್ತು ತೆಗೆದುಕೊಂಡವು, ಆಮೇಲೆ ಒಂದೂ ಅಲುಗಿಲ್ಲ. ಮಳೆಗಾಲದಲ್ಲಿ ಬ್ರಾಕೆಟ್ಟಿನ ಸಂದಿಗೆ ಕೆಸರು ತುಂಬುತ್ತದೆ. ವಾರಕ್ಕೊಮ್ಮೆ ಪೈಪ್ ಹಿಡಿದು ತೊಳೆಯಿರಿ.

ಸಕಲೇಶಪುರದಿಂದ

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಇವತ್ತು ಹಳೆಯ ಸ್ಟೆಪ್ ಬಿಚ್ಚಿದೆ, ಹಿಂದಿನ ಬಾಗಿಲು ಈಗ ತೆಗೆಯುತ್ತದೆ. ಎಡಗಡೆ ಚಾಸಿಯ ತೂತುಗಳಲ್ಲಿ ಕೆಸರು ಕಲ್ಲಿನಂತಾಗಿದೆ. ಎಣ್ಣೆ ಹೊಡೆದಿದ್ದೇನೆ. ನಾಳೆ ಪೇಟೆಯಿಂದ ಎಂ12 ಟ್ಯಾಪ್ ತರಿಸುತ್ತೇನೆ. ಸೆಟ್ ಮಟ್ಟಸದ್ದೇ ಹೇಳಿದ್ದೇನೆ.

ಹಾಸನದಿಂದ

ಮೇಡಂ, ಟ್ಯಾಪ್ ತರುವ ಮೊದಲು ಪಿಚ್, ಅಂದರೆ ಒಂದು ಮರೆಯಿಂದ ಇನ್ನೊಂದಕ್ಕೆ ಎಷ್ಟು ಮಿ.ಮೀ. ಅಂತರ ಅಂತ ನೋಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ12 ಅಂದರೆ 1.75 ಪಿಚ್ ಕೊಡುತ್ತಾರೆ. ಜಪಾನಿ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು 1.25. ತಪ್ಪು ಟ್ಯಾಪ್ ಹಾಕಿದರೆ ಇರುವ ಥ್ರೆಡ್ಡೂ ಹೋಗುತ್ತದೆ. ಆ ತೂತಿಗೆ ಕೂರುವ ಒಂದು ಬೋಲ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.